ಹದ ತಪ್ಪಿದ ಹೆಜ್ಜೆ

ನಡೆಯುವುದಕ್ಕಿಂತ ಸುಲಭವಾದ ಕೆಲಸ ಇನ್ನಾವುದಿದೆ ಎಂದು ಆರೋಗ್ಯವಂತರು ಕೇಳಬಹುದು. ವರ್ಷ ತುಂಬಿದ ಕೂಸು ಗೋಡೆ ಹಿಡಿದು ನಿಂತು, ಬಿದ್ದು, ಎದ್ದು, ಕೆಲವೇ ತಿಂಗಳಲ್ಲಿ ಕಲಿತುಬಿಡುವ ಈ ವಿದ್ಯೆಯನ್ನು ನಾವು ಆಮೇಲೆ ಜೀವಮಾನವೆಲ್ಲ ನೆನೆಯುವುದೇ ಇಲ್ಲ. ಗಂಗಾವತಿಯ ಕಡೆ ತುಂಗಭದ್ರೆಯ ಎಡದಂಡೆ ಕಾಲುವೆಯ ನೀರುಂಡ ಭತ್ತದ ಗದ್ದೆಗಳಲ್ಲಿ, ಗೇಣಗಲದ ಜಾರುವ ಬದುವಿನ ಮೇಲೆ, ತಲೆಯ ಮೇಲೆ ಸಸಿಯ ಕಟ್ಟು ಹೊತ್ತ ಹೆಣ್ಣುಮಕ್ಕಳು ಮಾತನಾಡುತ್ತಲೇ ಸಾಲಾಗಿ ನಡೆದುಹೋಗುತ್ತಾರೆ. ಕೊಪ್ಪಳಕ್ಕೆ ಸಮೀಪದ ಕಿನ್ನಾಳದಲ್ಲಿ ಚಿತ್ರಗಾರ ಮನೆತನದ ಕುಶಲಿಗಳು ಹಗುರ ಮರದ ಗೊಂಬೆಯ ಕಣ್ಣಿಗೆ ಕೂದಲೆಳೆಯಂಥ ರೇಖೆಯನ್ನು ಕುಂಚದ ಒಂದೇ ಎಳೆತದಲ್ಲಿ ಮೂಡಿಸುತ್ತಾರೆ. ಬದುವಿನ ಮೇಲಿನ ಹೆಜ್ಜೆಗೂ ಗೊಂಬೆಯ ಕಣ್ಣಿನ ರೇಖೆಗೂ ಬೇಕಾದುದು ಒಂದೇ: ಎಷ್ಟು ಬಲ, ಎಷ್ಟು ದೂರ, ಯಾವ ಕ್ಷಣ ಎಂಬ ಲೆಕ್ಕ. ಆ ಲೆಕ್ಕವನ್ನು ಮಾಡುತ್ತಿರುವವರು ಯಾರು ಎಂದು ಕೇಳಿದರೆ, ನಡೆಯುವವರೂ ಹೇಳಲಾರರು, ಬರೆಯುವವರೂ ಹೇಳಲಾರರು.

ಲೆಕ್ಕ ತಪ್ಪಿದಾಗ ಮಾತ್ರ ಅದರ ಬೆಲೆ ತಿಳಿಯುತ್ತದೆ. ಕೆಲವರಿಗೆ ಕೈಕಾಲುಗಳಲ್ಲಿ ಬಲವಿದ್ದೂ ನಡಿಗೆ ತೂರಾಡುತ್ತದೆ. ಕಾಲುಗಳನ್ನು ಅಗಲಿಸಿ ಇಟ್ಟರೂ ಮೈ ವಾಲುತ್ತದೆ. ನೀರಿನ ಲೋಟ ಬಾಯಿಗೆ ಬರುವಷ್ಟರಲ್ಲಿ ಅರ್ಧ ಚೆಲ್ಲುತ್ತದೆ. ಮಾತು ಎಳೆದೆಳೆದು, ಒಡೆದೊಡೆದು ಹೊರಬರುತ್ತದೆ. ಈ ಸ್ಥಿತಿಗೆ ವೈದ್ಯರು ಅಟಾಕ್ಸಿಯ ಎನ್ನುತ್ತಾರೆ. ಗ್ರೀಕ್ ಭಾಷೆಯಲ್ಲಿ ಇದರ ಅರ್ಥ ‘ಕ್ರಮವಿಲ್ಲದಿರುವುದು’ ಎಂದಷ್ಟೆ. ನಮ್ಮ ಹಳ್ಳಿಗಳಲ್ಲಿ ಮಾತ್ರ ಇದಕ್ಕೆ ಬೇರೆಯೇ ಅರ್ಥ ಹಚ್ಚುವುದುಂಟು. ಹಗಲಿನಲ್ಲೇ ಕುಡಿದು ಬಂದಿದ್ದಾನೆ ಎಂದು ಬಸ್ಸಿನಿಂದ ಇಳಿಸುವವರುಂಟು. ಯಾವುದೋ ಶಾಪ ಎಂದು ದೇವರ ಕಟ್ಟೆಗೆ ಕರೆದೊಯ್ಯುವವರುಂಟು. ಸೋಮಾರಿ ಎಂದು ಕೂಲಿಯಿಂದ ಬಿಡಿಸುವವರುಂಟು. ಒಂದು ಹನಿ ಮದ್ಯವನ್ನೂ ಮುಟ್ಟದವನು ಕುಡುಕನೆಂಬ ಹೆಸರು ಹೊತ್ತು ಬದುಕಬೇಕಾಗುತ್ತದೆ. ಅದಕ್ಕಿಂತಲೂ ದೊಡ್ಡ ನಷ್ಟ ಇನ್ನೊಂದಿದೆ. ಈ ತೂರಾಟಕ್ಕೆ ಕಾರಣಗಳು ಹತ್ತಾರು. ಅವುಗಳಲ್ಲಿ ಕೆಲವು ಪೂರ್ತಿ ವಾಸಿಯಾಗತಕ್ಕವು. ಕಾರಣವನ್ನು ಹುಡುಕದೆ ಹೆಸರಿಟ್ಟು ಕೈಬಿಟ್ಟರೆ, ವಾಸಿಯಾಗಬಹುದಾದವನೂ ವಾಸಿಯಾಗದೆ ಉಳಿಯುತ್ತಾನೆ.

ಜೋಡೆತ್ತು ಮತ್ತು ಹಗ್ಗ ಹಿಡಿದ ಕೈ

ನಮ್ಮ ಪ್ರತಿಯೊಂದು ಕೀಲಿನ ಸುತ್ತಲೂ ಎದುರುಬದಿರಾಗಿ ಎಳೆಯುವ ಸ್ನಾಯುಗಳಿವೆ. ಮೊಣಕೈಯನ್ನು ಮಡಿಸುವ ಸ್ನಾಯು ಒಂದು ಕಡೆ, ಚಾಚುವ ಸ್ನಾಯು ಇನ್ನೊಂದು ಕಡೆ. ಇವನ್ನು ಒಂದು ಗಾಡಿಗೆ ಹೂಡಿದ ಜೋಡೆತ್ತುಗಳೆಂದು ಭಾವಿಸೋಣ. ಎಡದ ಎತ್ತು ಮುಂದೆ ಹೋಗುವಾಗ ಬಲದ ಎತ್ತನ್ನು ಎಷ್ಟು ತಡೆಯಬೇಕು, ತಿರುವಿನಲ್ಲಿ ಹಗ್ಗವನ್ನು ಯಾವಾಗ ಬಿಗಿಯಬೇಕು, ಯಾವಾಗ ಸಡಿಲಬಿಡಬೇಕು ಎಂಬುದು ಗಾಡಿ ಹೊಡೆಯುವವನ ಕೈಯಲ್ಲಿದೆ. ಎತ್ತುಗಳು ಎಷ್ಟೇ ಗಟ್ಟಿಯಾಗಿದ್ದರೂ ಆ ಕೈ ತಪ್ಪಿದರೆ ಗಾಡಿ ಹಳ್ಳಕ್ಕಿಳಿಯುವುದು ಖಂಡಿತ. ಅಟಾಕ್ಸಿಯದಲ್ಲಿ ಕೆಟ್ಟಿರುವುದು ಎತ್ತುಗಳಲ್ಲ, ಹಗ್ಗ ಹಿಡಿದ ಕೈ.

ಆ ಕೈ ಇರುವುದು ತಲೆಯ ಹಿಂಭಾಗದಲ್ಲಿ, ದೊಡ್ಡ ಮಿದುಳಿನ ಕೆಳಗೆ. ಶಾಲೆಯ ಪುಸ್ತಕಗಳಲ್ಲಿ ಇದನ್ನು ಅನುಮಸ್ತಿಷ್ಕ ಎನ್ನುತ್ತಾರೆ; ನಾವು ಕಿರುಮಿದುಳು ಎನ್ನೋಣ. ತೂಕದಲ್ಲಿ ಇದು ಇಡೀ ಮಿದುಳಿನ ಹತ್ತರಲ್ಲೊಂದು ಪಾಲು ಮಾತ್ರ. ಆದರೆ 2009ರಲ್ಲಿ ಬ್ರೆಜಿಲ್ ದೇಶದ ವಿಜ್ಞಾನಿಗಳು ಮಾನವ ಮಿದುಳಿನ ನರಕೋಶಗಳನ್ನು ಎಣಿಸಿ ನೋಡಿದಾಗ, ಒಟ್ಟು ಸುಮಾರು 8,600 ಕೋಟಿ ಕೋಶಗಳಲ್ಲಿ 6,900 ಕೋಟಿಯಷ್ಟು ಈ ಪುಟ್ಟ ಭಾಗದಲ್ಲೇ ಅಡಗಿದ್ದುವು. ಇವುಗಳ ನಡುವೆ ಮರದಂತೆ ಕೊಂಬೆ ಚಾಚಿ ನಿಂತಿರುವ ಪುರ್ಕಿನ್ಯೆ ಕೋಶಗಳು ಮುಖ್ಯವಾದವು. ಒಂದೊಂದು ಕೋಶಕ್ಕೂ ಲಕ್ಷಕ್ಕೂ ಮೇಲ್ಪಟ್ಟ ತಂತುಗಳಿಂದ ಸುದ್ದಿ ಬಂದು ಮುಟ್ಟುತ್ತದೆ.

ಕಿರುಮಿದುಳಿನ ಕೆಲಸವೇನೆಂಬುದನ್ನು ಮೊದಲು ಪ್ರಯೋಗದಿಂದ ತೋರಿಸಿದವನು ಫ್ರಾನ್ಸಿನ ಫ್ಲೂರಾನ್ಸ್. 1824ರಲ್ಲಿ ಪ್ರಕಟವಾದ ಅವನ ಪ್ರಯೋಗಗಳಲ್ಲಿ, ಈ ಭಾಗವನ್ನು ಕಳೆದುಕೊಂಡ ಪಾರಿವಾಳಗಳು ಕುರುಡಾಗಲಿಲ್ಲ, ಕಿವುಡಾಗಲಿಲ್ಲ, ಅವುಗಳ ರೆಕ್ಕೆ ಕಾಲುಗಳಿಗೆ ಲಕ್ವ ಹೊಡೆಯಲೂ ಇಲ್ಲ. ಹಾರಬೇಕೆಂಬ ಇಚ್ಛೆಯಿತ್ತು, ಬಲವಿತ್ತು. ಆದರೆ ಹಾರಾಟದ ಕ್ರಮ ಹೋಗಿತ್ತು. ಮನುಷ್ಯರಲ್ಲಿಯೂ ಹೀಗೆಯೇ ಎಂಬುದು ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಸ್ಪಷ್ಟವಾಯಿತು. ತಲೆಯ ಹಿಂಭಾಗಕ್ಕೆ ಗುಂಡೇಟು ತಗುಲಿದ ಸೈನಿಕರನ್ನು ಪರೀಕ್ಷಿಸಿದ ಬ್ರಿಟಿಷ್ ವೈದ್ಯ ಗಾರ್ಡನ್ ಹೋಮ್ಸ್, ಕಿರುಮಿದುಳಿನ ಬಲಭಾಗಕ್ಕೆ ಪೆಟ್ಟಾದರೆ ಬಲಗೈ ಬಲಗಾಲುಗಳೇ ಹದ ತಪ್ಪುತ್ತವೆ ಎಂಬುದನ್ನು ವಿವರವಾಗಿ ದಾಖಲಿಸಿದನು. ದೊಡ್ಡ ಮಿದುಳಿನ ಆಡಳಿತ ಎಡಬಲ ಅದಲುಬದಲಾಗಿರುವುದಾದರೆ, ಕಿರುಮಿದುಳಿನದು ತನ್ನ ಕಡೆಗೇ.

ಇಷ್ಟೊಂದು ಕೋಶಗಳು ಮಾಡುವ ಕೆಲಸವಾದರೂ ಏನು? ಕಾಲು ಜಾರಿದ ಸುದ್ದಿ ನರಗಳಲ್ಲಿ ಹರಿದು ಮಿದುಳನ್ನು ಮುಟ್ಟಿ, ಅಲ್ಲಿಂದ ಆಜ್ಞೆ ಮರಳಿ ಬರುವಷ್ಟರಲ್ಲಿ ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟು ಕಾಲ ಕಳೆದಿರುತ್ತದೆ. ಬದುವಿನ ಮೇಲೆ ಬೀಳುವವನಿಗೆ ಅಷ್ಟು ಹೊತ್ತು ಕಾಯುವ ಅವಕಾಶವಿಲ್ಲ. ಆದುದರಿಂದ ಕಿರುಮಿದುಳು ಸುದ್ದಿ ಬರುವುದಕ್ಕೆ ಮೊದಲೇ ಊಹಿಸುತ್ತದೆ: ಈ ಹೆಜ್ಜೆ ಇಟ್ಟರೆ ಮೈ ಎತ್ತ ವಾಲೀತು, ಲೋಟ ಎಷ್ಟು ಭಾರವಿದ್ದೀತು, ಕೈ ಎಲ್ಲಿ ನಿಲ್ಲಬೇಕಾದೀತು. ಊಹೆ ತಪ್ಪಿದಾಗ ಆ ತಪ್ಪನ್ನು ನೆನಪಿಟ್ಟುಕೊಂಡು ಮುಂದಿನ ಸಲ ತಿದ್ದಿಕೊಳ್ಳುತ್ತದೆ. ಕಿನ್ನಾಳದ ಬಾಲಕ ವರ್ಷಾನುಗಟ್ಟಲೆ ಕುಂಚ ಹಿಡಿದು ಕಲಿಯುವುದೆಂದರೆ, ಬಹುಮಟ್ಟಿಗೆ ಅವನ ಕಿರುಮಿದುಳು ಕಲಿಯುವುದೇ ಆಗಿದೆ. ಈ ಊಹಾಶಕ್ತಿ ಕುಂದಿದವನ ಕೈ ಗುರಿಯನ್ನು ದಾಟಿ ಹೋಗುತ್ತದೆ, ಹಿಂದಕ್ಕೆಳೆದರೆ ಮತ್ತೆ ಹಿಂದೆ ಬೀಳುತ್ತದೆ. ಗುರಿ ಸಮೀಪಿಸಿದಷ್ಟೂ ನಡುಕ ಹೆಚ್ಚುತ್ತದೆ.

ಮೂವರು ಸಾಕ್ಷಿಗಳು

ಊಹೆಗೆ ಆಧಾರ ಬೇಕು. ದೇಹ ಎಲ್ಲಿದೆ, ಹೇಗಿದೆ ಎಂದು ಕಿರುಮಿದುಳಿಗೆ ಹೇಳುವ ಸಾಕ್ಷಿಗಳು ಮೂವರು. ಮೊದಲನೆಯದು ಕಣ್ಣು. ಎರಡನೆಯದು ಒಳಕಿವಿಯಲ್ಲಿರುವ, ದ್ರವ ತುಂಬಿದ ಪುಟ್ಟ ನಳಿಗೆಗಳು. ತಲೆ ತಿರುಗಿದುದನ್ನು, ವಾಲಿದುದನ್ನು ಇವು ತಿಳಿಸುತ್ತವೆ. ಮೂರನೆಯದು ಸ್ನಾಯು ಕೀಲುಗಳಿಂದ ಹೊರಟು ಬೆನ್ನುಹುರಿಯ ಹಿಂಭಾಗದ ಮೂಲಕ ಮೇಲೇರುವ ಸಂವೇದನೆ. ಕಣ್ಣು ಮುಚ್ಚಿದರೂ ನಮ್ಮ ಹೆಬ್ಬೆರಳು ಮೇಲೆ ಮಡಿಚಿದೆಯೋ ಕೆಳಗೆ ಮಡಿಚಿದೆಯೋ ನಮಗೆ ತಿಳಿಯುವುದು ಇದರಿಂದ.

ಮೂವರಲ್ಲಿ ಒಬ್ಬ ಸಾಕ್ಷಿ ಮೂಕನಾದರೆ ಉಳಿದಿಬ್ಬರು ಹೇಗೋ ಕೆಲಸ ನಡೆಸುತ್ತಾರೆ. ಇಬ್ಬರು ಮೂಕರಾದರೆ ಮೈ ತೂಗಾಡುತ್ತದೆ. ನರಗಳು ಕೆಟ್ಟು ಕಾಲಿನ ಸಂವೇದನೆ ಹೋದವರು ಹಗಲಿನಲ್ಲಿ ನೆಲ ನೋಡಿಕೊಂಡು ತಕ್ಕಮಟ್ಟಿಗೆ ನಡೆಯುತ್ತಾರೆ. ಬಚ್ಚಲಲ್ಲಿ ಮುಖಕ್ಕೆ ನೀರೆರಚಿಕೊಂಡು ಕಣ್ಣು ಮುಚ್ಚಿದೊಡನೆ, ಇಲ್ಲವೆ ರಾತ್ರಿ ದೀಪವಿಲ್ಲದ ಅಂಗಳಕ್ಕೆ ಕಾಲಿಟ್ಟೊಡನೆ ಬೀಳುತ್ತಾರೆ. ಪಾದಗಳನ್ನು ಜೋಡಿಸಿ ನಿಲ್ಲಿಸಿ ಕಣ್ಣು ಮುಚ್ಚಿಸಿ ನೋಡುವ ಪರೀಕ್ಷೆ ಜರ್ಮನಿಯ ರೋಂಬರ್ಗ್ ಎಂಬ ವೈದ್ಯನ ಹೆಸರಿನಲ್ಲಿ ಹತ್ತೊಂಬತ್ತನೆಯ ಶತಮಾನದಿಂದ ನಡೆದುಬಂದಿದೆ. ಕಣ್ಣು ತೆರೆದಿದ್ದಾಗ ನಿಂತವನು ಕಣ್ಣು ಮುಚ್ಚಿದೊಡನೆ ವಾಲಿದರೆ ದೋಷ ಹೆಚ್ಚಾಗಿ ಸಾಕ್ಷಿಯಲ್ಲಿದೆ. ಕಣ್ಣು ತೆರೆದಿದ್ದರೂ ನಿಲ್ಲಲಾರದವನಲ್ಲಿ ದೋಷ ಹೆಚ್ಚಾಗಿ ಕಿರುಮಿದುಳಿನಲ್ಲೇ ಇದೆ.

ವೈದ್ಯರ ಉಳಿದ ಪರೀಕ್ಷೆಗಳೂ ಇಷ್ಟೇ ಸರಳವಾದವು. ಒಂದು ಪಾದದ ಹಿಮ್ಮಡಿಯನ್ನು ಇನ್ನೊಂದರ ಬೆರಳಿಗೆ ತಾಗಿಸುತ್ತ ಗೆರೆಯ ಮೇಲೆ ನಡೆಯಿಸುತ್ತಾರೆ. ಗದ್ದೆಯ ಬದುವಿನ ಮೇಲೆ ನಡೆಯುವವರು ದಿನವೂ ಈ ಪರೀಕ್ಷೆಯನ್ನು ಕೊಡುತ್ತಲೇ ಇದ್ದಾರೆ! ಭತ್ತದ ಸೀಮೆಯಲ್ಲಿ ರೋಗದ ಮೊದಲ ಸುಳಿವು ಬದುವಿನ ಮೇಲೆ ಸಿಕ್ಕರೆ ಆಶ್ಚರ್ಯವಿಲ್ಲ. ಮೆಟ್ಟಿಲು ಇಳಿಯುವುದು ಇನ್ನೊಂದು ಕಠಿಣ ಪರೀಕ್ಷೆ. ಆನೆಗೊಂದಿಯ ಬಳಿಯ ಅಂಜನಾದ್ರಿಯ ಐನೂರಕ್ಕೂ ಹೆಚ್ಚಿನ ಮೆಟ್ಟಿಲುಗಳನ್ನು ಏದುಸಿರು ಬಿಟ್ಟು ಹತ್ತುವುದು ಎದೆಯ ಮಾತು. ಕಟಕಟೆ ಹಿಡಿಯದೆ ಇಳಿಯುವುದು ಕಿರುಮಿದುಳಿನ ಮಾತು. ಬೆರಳಿನಿಂದ ತನ್ನ ಮೂಗನ್ನೂ ವೈದ್ಯನ ಬೆರಳನ್ನೂ ಒಂದಾದಮೇಲೊಂದರಂತೆ ಮುಟ್ಟುವುದು, ಅಂಗೈಯನ್ನು ಬೇಗಬೇಗನೆ ಮೇಲೆಕೆಳಗೆ ಮಾಡುವುದು, ತಲೆಯಾಡಿಸದೆ ಕಣ್ಣಿನಿಂದಲೇ ಬೆರಳನ್ನು ಹಿಂಬಾಲಿಸುವುದು—ಇವುಗಳಿಂದಲೇ ಅನುಭವಿ ವೈದ್ಯರು ಅರ್ಧ ನಿರ್ಣಯಕ್ಕೆ ಬರುತ್ತಾರೆ.

ಕುಷ್ಟಗಿ, ಯಲಬುರ್ಗಗಳ ನೀರು

1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟು ಜಿಲ್ಲೆಯಾದ ಕೊಪ್ಪಳದಲ್ಲಿ ಎರಡು ಮುಖಗಳಿವೆ. ಗಂಗಾವತಿಯದು ಕಾಲುವೆಯ ಹಸಿರು. ಕುಷ್ಟಗಿ ಯಲಬುರ್ಗಗಳದು ಎರೆ ಮಸಾರಿ ಹೊಲಗಳ ಒಣ ಬಯಲು. ಈ ಬಯಲಿನ ಜನ ಬಹುಕಾಲದಿಂದ ನೆಚ್ಚಿಕೊಂಡಿರುವುದು ಕೊಳವೆಬಾವಿಗಳನ್ನು. ಗ್ರಾನೈಟ್ ಮತ್ತು ಅದರ ಬಳಗದ ಹಳೆಯ ಶಿಲೆಗಳ ಬಿರುಕುಗಳಲ್ಲಿ ನಿಂತ ನೀರಿಗೆ ಫ್ಲೋರೈಡ್ ಲವಣ ಕರಗಿ ಸೇರುತ್ತದೆ. ಭಾರತದ ಮಾನಕದ ಪ್ರಕಾರ ಲೀಟರ್ ಕುಡಿಯುವ ನೀರಿನಲ್ಲಿ ಫ್ಲೋರೈಡ್ 1 ಮಿಲಿಗ್ರಾಂ ಮೀರಬಾರದು. ಬೇರೆ ದಾರಿಯಿಲ್ಲದಾಗ 1.5 ಮಿಲಿಗ್ರಾಂವರೆಗೆ ಸಹಿಸಬಹುದು. ಈ ತಾಲ್ಲೂಕುಗಳ ಹಲವು ಬಾವಿಗಳ ನೀರು ಆ ಮಿತಿಯನ್ನು ದಾಟಿದೆ.

ಇಂಥ ನೀರು ಮೊದಲು ಮಕ್ಕಳ ಹಲ್ಲಿನ ಮೇಲೆ ಬಿಳಿಯ, ಕಂದು ಬಣ್ಣದ ಪಟ್ಟೆಗಳನ್ನು ಬರೆಯುತ್ತದೆ. ಹತ್ತಾರು ವರ್ಷ ಕುಡಿದವರಲ್ಲಿ ಮೂಳೆ ದಪ್ಪವಾಗಿ, ಕೀಲುಗಳ ಕಟ್ಟುಗಳು ಸುಣ್ಣಗಟ್ಟಿ, ಬೆನ್ನುಮೂಳೆಯೊಳಗಿನ ಹಾದಿ ಕಿರಿದಾಗಬಹುದು. ಆಗ ಬೆನ್ನುಹುರಿ ಅದುಮಲ್ಪಟ್ಟು ಕಾಲುಗಳು ಸೆಟೆದು, ನಡಿಗೆ ಕೆಡುತ್ತದೆ. ಆಗಿನ ಮದರಾಸು ಪ್ರಾಂತದ ನೆಲ್ಲೂರು ಜಿಲ್ಲೆಯಲ್ಲಿ ಈ ಮೂಳೆರೋಗವನ್ನು ಶಾರ್ಟ್ ಮತ್ತು ಸಂಗಡಿಗರು 1937ರಲ್ಲೇ ವರದಿಮಾಡಿದ್ದರು.

ಇದು ಅಟಾಕ್ಸಿಯವೆ? ಬಹುಮಟ್ಟಿಗೆ ಅಲ್ಲ. ಫ್ಲೋರೈಡಿನ ರೋಗಿಯ ತೊಂದರೆ ಮುಖ್ಯವಾಗಿ ಬಿಗಿತದ್ದು, ಅಟಾಕ್ಸಿಯದ ರೋಗಿಯದು ಅಳತೆ ತಪ್ಪಿದ್ದು. ಮೊಣಕಾಲು ಮಡಿಸದೆ ಬಗ್ಗಿ ನೆಲ ಮುಟ್ಟಲಾರದಿರುವುದು, ಗಲ್ಲವನ್ನು ಎದೆಗೆ ತಾಗಿಸಲಾರದಿರುವುದು, ಕೈಗಳನ್ನು ತಲೆಯ ಹಿಂದೆ ಕಟ್ಟಲಾರದಿರುವುದು ಮೊದಲನೆಯದರ ಗುರುತುಗಳು. ಆದರೆ ಸ್ಥಾನಸಂವೇದನೆಯನ್ನು ಒಯ್ಯುವ ಹುರಿಯ ಹಿಂಭಾಗವೂ ಅದುಮಲ್ಪಟ್ಟರೆ ರೋಗಿ ಕತ್ತಲಲ್ಲಿ ತೂರಾಡಬಲ್ಲನು. ಆಗ ಎರಡೂ ಬೆರೆತುಹೋಗುತ್ತವೆ. ಆದುದರಿಂದ ಈ ಸೀಮೆಯಲ್ಲಿ ಕಾಲು ತಡವರಿಸುವವರನ್ನೆಲ್ಲ ನೀರಿನ ರೋಗವೆಂದು ತಳ್ಳಿಹಾಕುವುದೂ ತಪ್ಪು. ನೀರನ್ನು ಪರೀಕ್ಷಿಸದೆ ಇರುವುದೂ ತಪ್ಪು. ನೀರನ್ನು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದುದರಲ್ಲಿ ಅದು ಗಟ್ಟಿಯಾಗುತ್ತದೆ ಎಂಬುದನ್ನು ಪ್ರತಿ ಮನೆಯೂ ತಿಳಿದಿರಬೇಕು. ಪಟಿಕ ಮತ್ತು ಸುಣ್ಣದಿಂದ ಅದನ್ನು ತೆಗೆಯುವ ನಲ್ಗೊಂಡ ವಿಧಾನ, ಶುದ್ಧೀಕರಣ ಯಂತ್ರಗಳು, ಮಳೆನೀರಿನ ಸಂಗ್ರಹ, ದೂರದಿಂದ ತಂದ ನದಿಯ ನೀರು—ಇವೇ ನಿಜವಾದ ದಾರಿಗಳು.

ರಕ್ತದಲ್ಲಿ ಬರುವ ಬಗೆಗಳು

ಕಿರುಮಿದುಳಿನ ಕೋಶಗಳೇ ಮೆಲ್ಲಮೆಲ್ಲನೆ ಸವೆಯುವ ಬಗೆಗಳು ಹಲವು ವಂಶಗಳಲ್ಲಿ ಹರಿದುಬರುತ್ತವೆ. ಜರ್ಮನಿಯ ಫ್ರೀಡ್ರೈಖ್ 1863ರಲ್ಲಿ ವರ್ಣಿಸಿದ ಬಗೆ ಸಾಮಾನ್ಯವಾಗಿ ಹತ್ತರಿಂದ ಹದಿನೈದು ವರ್ಷದ ಮಕ್ಕಳಲ್ಲಿ ತಲೆದೋರುತ್ತದೆ, ಹೃದಯವನ್ನೂ ಕಾಡುತ್ತದೆ. ಇದರ ಮೂಲವಾದ ಜೀನ್ 1996ರಲ್ಲಿ ಪತ್ತೆಯಾಯಿತು. ದೊಡ್ಡವರಲ್ಲಿ ಕಾಣುವ ಇನ್ನೊಂದು ಗುಂಪಿಗೆ ಎಸ್‌ಸಿಎ ಎಂದು ಹೆಸರಿಟ್ಟು, ಒಂದು, ಎರಡು, ಮೂರು ಎಂದು ಎಣಿಸುತ್ತಾರೆ. ಇವುಗಳ ತಿಳಿವಳಿಕೆಯಲ್ಲಿ ನಮ್ಮ ದೇಶದ ಪಾಲು ಸಣ್ಣದಲ್ಲ. ಮುಂಬಯಿಯ ವೈದ್ಯ ನೋಶಿರ್ ವಾಡಿಯ ಮತ್ತು ಅವರ ಸಂಗಡಿಗ ಸ್ವಾಮಿ 1971ರಲ್ಲಿ ಒಂಬತ್ತು ಕುಟುಂಬಗಳನ್ನು ವರ್ಣಿಸಿದರು. ಈ ರೋಗಿಗಳ ತೂರಾಟದೊಡನೆ ಅವರ ಕಣ್ಣುಗಳೂ ಒಂದು ವಸ್ತುವಿನಿಂದ ಇನ್ನೊಂದಕ್ಕೆ ನೆಗೆಯದೆ ತೆವಳಿದಂತೆ ನಿಧಾನವಾಗಿ ಚಲಿಸುತ್ತಿದ್ದುವು. ಇಂದು ಎಸ್‌ಸಿಎ 2 ಎಂದು ಕರೆಯುವ ಬಗೆಗೆ ಇದು ಮುಖ್ಯ ಗುರುತಾಗಿದೆ. 1974ರಲ್ಲಿ ಬೆಂಗಳೂರಿನಲ್ಲಿ ರೂಪುಗೊಂಡ ನಿಮ್ಹಾನ್ಸ್ ಸಂಸ್ಥೆಯ ಸಂಶೋಧಕರು ದಕ್ಷಿಣ ಭಾರತದ ರೋಗಿಗಳಲ್ಲಿ ಎಸ್‌ಸಿಎ 1, 2 ಮತ್ತು 3ನ್ನು ಜೀನ್ ಪರೀಕ್ಷೆಯಿಂದ ಹುಡುಕಿ 2007ರಲ್ಲಿ ವರದಿ ಪ್ರಕಟಿಸಿದರು.

ಈ ಮೂರರಲ್ಲಿಯೂ ನಡೆದಿರುವುದು ಒಂದೇ ಬಗೆಯ ದೋಷ. ಜೀನಿನ ಬರಹದಲ್ಲಿ ಮೂರು ಅಕ್ಷರದ ಒಂದು ಪದ ಕೆಲವು ಸಲ ಪುನರುಕ್ತಿಯಾಗಿರುವುದು ಸಹಜ. ಎಸ್‌ಸಿಎ 2ರ ಜೀನಿನಲ್ಲಿ ಆರೋಗ್ಯವಂತರಿಗೆ ಸಾಮಾನ್ಯವಾಗಿ 22 ಸಲ ಇರುತ್ತದೆ. ಈ ಸಂಖ್ಯೆ 35ನ್ನು ಮೀರಿ ಬೆಳೆದವರಲ್ಲಿ ರೋಗ ತಲೆದೋರುತ್ತದೆ. ಹೆಚ್ಚಿದಷ್ಟೂ ಎಳೆಯ ವಯಸ್ಸಿಗೇ ಬರುತ್ತದೆ. ಒಂದು ತಲೆಮಾರಿನಿಂದ ಇನ್ನೊಂದಕ್ಕೆ ಹೋಗುವಾಗ ಸಂಖ್ಯೆ ಬೆಳೆಯುವುದುಂಟಾದ್ದರಿಂದ, ಅಜ್ಜನಿಗೆ ಐವತ್ತರಲ್ಲಿ ಬಂದುದು ಮೊಮ್ಮಗನಿಗೆ ಇಪ್ಪತ್ತೈದರಲ್ಲಿಯೇ ಬರಬಹುದು. ಊರವರಿಗೆ ಇದು ಶಾಪ ಬಲಿತಂತೆ ತೋರಿದರೆ ತಪ್ಪೇನು? ವಿಜ್ಞಾನಕ್ಕೆ ಇದು ಅಕ್ಷರಗಳ ಎಣಿಕೆ.

ಎಸ್‌ಸಿಎ ಬಗೆಯಲ್ಲಿ ತಂದೆತಾಯಿಗಳಲ್ಲಿ ಒಬ್ಬರಿಗೆ ದೋಷವಿದ್ದರೂ ಪ್ರತಿ ಮಗುವಿಗೂ ಬರುವ ಸಂಭವ ಅರ್ಧಕ್ಕರ್ಧ. ಫ್ರೀಡ್ರೈಖ್ ಬಗೆಯಲ್ಲಿ ಹಾಗಲ್ಲ. ಇಬ್ಬರೂ ದೋಷವನ್ನು ಗುಟ್ಟಾಗಿ ಹೊತ್ತಿದ್ದರೆ ಮಾತ್ರ, ನಾಲ್ಕರಲ್ಲೊಂದು ಸಂಭವದಂತೆ, ಮಗುವಿಗೆ ರೋಗ ಬರುತ್ತದೆ. ಅಕ್ಕನ ಮಗಳನ್ನೋ ಸೋದರತ್ತೆಯ ಮಗಳನ್ನೋ ತಂದುಕೊಳ್ಳುವ ರೂಢಿ ನಮ್ಮ ಸೀಮೆಯಲ್ಲಿ ಹಳೆಯದು. ಆ ರೂಢಿಯ ಹಿಂದೆ ಪ್ರೀತಿಯಿದೆ, ಹೊಲಮನೆ ಹೊರಹೋಗಬಾರದೆಂಬ ಎಣಿಕೆಯಿದೆ. ಆದರೆ ಒಂದೇ ಬೇರಿನ ಇಬ್ಬರಲ್ಲಿ ಒಂದೇ ಗುಟ್ಟು ಅಡಗಿರುವ ಸಂಭವ ಹೆಚ್ಚು. ಮನೆತನದಲ್ಲಿ ಇಂಥ ರೋಗ ಒಮ್ಮೆ ಕಂಡಿದ್ದರೆ, ಮದುವೆಗೆ ಮೊದಲು ವೈದ್ಯರ ಸಲಹೆ ಪಡೆಯುವುದು ಜಾತಕ ನೋಡಿಸುವುದಕ್ಕಿಂತ ಪ್ರಯೋಜನಕರ.

ವಾಸಿಯಾಗತಕ್ಕ ಬಗೆಗಳು

ಈಗ ಆಶಾದಾಯಕವಾದ ಮಾತಿಗೆ ಬರೋಣ. ತೂರಾಡುವವರೆಲ್ಲರಿಗೂ ವಂಶದ ರೋಗವಿರುವುದಿಲ್ಲ. ಮೂರ್ಛೆರೋಗಕ್ಕೆ ಕೊಡುವ ಫೆನಿಟಾಯಿನ್ ಎಂಬ ಔಷಧ ರಕ್ತದಲ್ಲಿ ಹೆಚ್ಚಾದರೆ ರೋಗಿ ಕುಡಿದವನಂತೆ ವಾಲುತ್ತಾನೆ. ವೈದ್ಯರು ಪ್ರಮಾಣವನ್ನು ಸರಿಪಡಿಸಿದರೆ ಬಹುತೇಕ ಸರಿಹೋಗುತ್ತಾನೆ. ಹಾಗೆಂದು ರೋಗಿ ತಾನಾಗಿ ಔಷಧ ನಿಲ್ಲಿಸಿದರೆ ಮೂರ್ಛೆ ಮರುಕಳಿಸಿ ಪ್ರಾಣಕ್ಕೆ ಅಪಾಯವಾದೀತು. ಬಿ-12 ಜೀವಸತ್ವದ ಕೊರತೆ ಬೆನ್ನುಹುರಿಯ ಹಿಂಭಾಗವನ್ನು ಕೆಡಿಸುತ್ತದೆ. ಬೇಗ ಗುರುತಿಸಿದರೆ ಚುಚ್ಚುಮದ್ದಿನಿಂದ ಸುಧಾರಣೆಯುಂಟು. ಥೈರಾಯ್ಡ್ ಗ್ರಂಥಿಯ ಮಾಂದ್ಯ, ಇ ಜೀವಸತ್ವದ ಕೊರತೆ ಇವೂ ಚಿಕಿತ್ಸೆಗೆ ಬಗ್ಗುತ್ತವೆ. ಇ ಜೀವಸತ್ವದ ಕೊರತೆಯಲ್ಲಿ ವಂಶದಿಂದ ಬರುವ ಒಂದು ಬಗೆಯಿದ್ದು, ನೋಡಲು ಫ್ರೀಡ್ರೈಖ್ ರೋಗದಂತೆಯೇ ಇರುತ್ತದೆ. ಅದನ್ನು ಬೇರ್ಪಡಿಸಿ ಗುರುತಿಸಿದ ಮಗುವಿಗೆ ಆ ಜೀವಸತ್ವವನ್ನೇ ಕೊಟ್ಟು ರೋಗದ ಮುನ್ನಡೆಯನ್ನು ತಡೆಯಬಹುದು. ಜನರು ‘ಅಮ್ಮ’ ಎನ್ನುವ ಸೀತಾಳೆ ಸಿಡುಬು ವಾಸಿಯಾದ ಮೇಲೆ ಕೆಲವು ಮಕ್ಕಳು ತಟ್ಟನೆ ತೂರಾಡತೊಡಗುವುದುಂಟು. ಬಹುಪಾಲು ಮಕ್ಕಳು ಕೆಲವು ವಾರಗಳಲ್ಲಿ ಚೇತರಿಸಿಕೊಳ್ಳುತ್ತಾರೆ. ಇನ್ನು ವರ್ಷಗಟ್ಟಲೆ ಅತಿಯಾಗಿ ಕುಡಿದವರ ವಿಷಯ: ಮದ್ಯ ಕಿರುಮಿದುಳಿನ ನಡುಭಾಗವನ್ನು ಸವೆಯಿಸಿದಾಗ, ಕುಡಿಯದ ದಿನವೂ ಅವರ ಕಾಲು ತೂರುತ್ತದೆ. ಅಲ್ಲಿಯೂ ಬೈಗುಳವಲ್ಲ, ಮದ್ಯ ಬಿಡಿಸುವ ಚಿಕಿತ್ಸೆ ಮತ್ತು ಬಿ-1 ಜೀವಸತ್ವವೇ ಬೇಕಾದುದು.

ಒಂದು ಎಚ್ಚರಿಕೆಯನ್ನು ಮಾತ್ರ ಒತ್ತಿ ಹೇಳಬೇಕಾಗಿದೆ. ನಿನ್ನೆಯವರೆಗೆ ಚೆನ್ನಾಗಿದ್ದವರು ಇಂದು ತಟ್ಟನೆ ತೂರಾಡಿದರೆ, ಅದರೊಡನೆ ವಾಂತಿ, ತಲೆನೋವು, ಎರಡೆರಡಾಗಿ ಕಾಣುವುದು, ಮಾತು ತೊದಲುವುದು ಇದ್ದರೆ, ಕಿರುಮಿದುಳಿನಲ್ಲಿ ರಕ್ತನಾಳ ಕಟ್ಟಿಕೊಂಡಿರಬಹುದು, ಇಲ್ಲವೆ ಒಡೆದಿರಬಹುದು. ಅದು ಲಕ್ವದ ಒಂದು ರೂಪ. ಗಂಟೆಗಳಲ್ಲ, ನಿಮಿಷಗಳೂ ಅಮೂಲ್ಯ. ಮಗುವಿಗೆ ದಿನವೂ ಬೆಳಗಿನ ತಲೆನೋವು, ವಾಂತಿಯೊಡನೆ ನಡಿಗೆ ಕೆಡುತ್ತ ಬಂದರೆ ಗೆಡ್ಡೆಯ ಶಂಕೆಯಿಂದ ಕೂಡಲೆ ತೋರಿಸಬೇಕು. ಕೊಪ್ಪಳದಲ್ಲಿ 2015ರಿಂದ ಸರಕಾರಿ ವೈದ್ಯಕೀಯ ಮಹಾವಿದ್ಯಾಲಯವಿದೆ. ಹೆಚ್ಚಿನ ಪರೀಕ್ಷೆಗೆ ರೈಲುದಾರಿಯ ಮೇಲೆ ಹುಬ್ಬಳ್ಳಿಯಿದೆ. ಜೀನ್ ಪರೀಕ್ಷೆಗೆ ಬೆಂಗಳೂರಿದೆ.

ವಾಸಿಯಾಗದವರಿಗೆ

ವಂಶದ ಬಗೆಗಳನ್ನು ಬೇರುಸಹಿತ ಕೀಳುವ ಮದ್ದು ಇನ್ನೂ ಕೈಗೆ ಬಂದಿಲ್ಲ. ಫ್ರೀಡ್ರೈಖ್ ರೋಗದ ವೇಗವನ್ನು ತಗ್ಗಿಸುವ ಒಮಾವೆಲಾಕ್ಸಲೋನ್ ಎಂಬ ಔಷಧಕ್ಕೆ ಅಮೆರಿಕದಲ್ಲಿ 2023ರ ಫೆಬ್ರವರಿಯಲ್ಲಿ ಮಂಜೂರಾತಿ ದೊರೆತಿದೆ; ಅದು ರೋಗವನ್ನು ಅಳಿಸುವುದಿಲ್ಲ. ಆದರೆ ಮದ್ದಿಲ್ಲವೆಂದರೆ ಮಾಡುವುದೇನೂ ಇಲ್ಲವೆಂದು ಅರ್ಥವಲ್ಲ. ಜರ್ಮನಿಯ ವೈದ್ಯರು 16 ಮಂದಿ ರೋಗಿಗಳಿಗೆ ನಾಲ್ಕು ವಾರ ಸಮತೋಲದ ಕಟ್ಟುನಿಟ್ಟಾದ ವ್ಯಾಯಾಮ ಮಾಡಿಸಿ, ನಡಿಗೆ ಸುಧಾರಿಸಿದುದನ್ನು 2009ರಲ್ಲಿ ತೋರಿಸಿಕೊಟ್ಟರು. ಸವೆದ ಕಿರುಮಿದುಳೂ ಕಲಿಯಬಲ್ಲದು. ನಿಧಾನವಾಗಿ ಕಲಿಯುತ್ತದೆ, ಅಭ್ಯಾಸ ಬಿಟ್ಟರೆ ಬೇಗ ಮರೆಯುತ್ತದೆ.

ಮನೆಯಲ್ಲಿ ಮಾಡಬಹುದಾದುದು ಇನ್ನೂ ಇದೆ. ಬಚ್ಚಲು ಮತ್ತು ಶೌಚಾಲಯದ ಗೋಡೆಗೆ ಹಿಡಿಯಲು ಒಂದು ಕಂಬಿ, ರಾತ್ರಿಯಿಡೀ ಒಂದು ಸಣ್ಣ ದೀಪ, ಹೊಸ್ತಿಲಿಗೆ ಎದ್ದು ಕಾಣುವ ಬಣ್ಣ, ಅರ್ಧ ಮಾತ್ರ ತುಂಬಿದ ಭಾರವಾದ ಲೋಟ, ನೀರು ಕುಡಿಯುವಾಗ ಕೆಮ್ಮು ಬಂದರೆ ಗಲ್ಲ ತಗ್ಗಿಸಿ ಗುಟುಕು ಗುಟುಕಾಗಿ ಕುಡಿಯುವ ಅಭ್ಯಾಸ. ಇವಕ್ಕೆ ಖರ್ಚು ಅತ್ಯಲ್ಪ. ಇವು ತಪ್ಪಿಸುವ ಮೂಳೆಮುರಿತದ ಖರ್ಚು ಬಹಳ. ಅಕ್ಷರ ಸೊಟ್ಟಗಾದ ಹುಡುಗನಿಗೆ ಉಪಾಧ್ಯಾಯರು ಬರೆಯಲು ಹೆಚ್ಚು ಸಮಯ ಕೊಟ್ಟರೆ ಅವನ ಬುದ್ಧಿ ಸೊಟ್ಟಗಾಗಿಲ್ಲವೆಂಬುದು ತಾನಾಗಿ ತಿಳಿಯುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ದೀರ್ಘಕಾಲದ ನರರೋಗಗಳಿಂದಾದ ವೈಕಲ್ಯವನ್ನೂ ತನ್ನ ಪಟ್ಟಿಯಲ್ಲಿ ಸೇರಿಸಿಕೊಂಡಿದೆ. ವೈದ್ಯಕೀಯ ಪ್ರಮಾಣಪತ್ರ ಪಡೆದವನು ಬಸ್ಸಿನಲ್ಲಿಯೂ ಕಚೇರಿಯಲ್ಲಿಯೂ ತನ್ನ ತೂರಾಟಕ್ಕೆ ಸಮಜಾಯಿಷಿ ಹೇಳುತ್ತ ನಿಲ್ಲಬೇಕಾಗಿಲ್ಲ.

ಎಲ್ಲಕ್ಕಿಂತ ಮೊದಲು ಬದಲಾಗಬೇಕಾದುದು ನೋಡುವವರ ಕಣ್ಣು. ಸಂತೆಯಲ್ಲಿ, ಜಾತ್ರೆಯಲ್ಲಿ, ಬಸ್‌ನಿಲ್ದಾಣದಲ್ಲಿ ಯಾರಾದರೂ ಹದ ತಪ್ಪಿ ಹೆಜ್ಜೆಯಿಡುವುದನ್ನು ಕಂಡಾಗ ಬಾಯಿಗೆ ಮೊದಲು ಬರುವ ಮಾತನ್ನು ನಾವು ತಡೆದುಕೊಳ್ಳೋಣ. ಕುಡಿದವನ ನಡಿಗೆಗೂ ಈ ರೋಗಿಯ ನಡಿಗೆಗೂ ಇರುವ ಹೋಲಿಕೆ ಆಕಸ್ಮಿಕವಲ್ಲ. ಮದ್ಯ ಕೆಲವು ಗಂಟೆಗಳ ಕಾಲ ಮಂಕಾಗಿಸುವ ಕಿರುಮಿದುಳನ್ನೇ ರೋಗವು ವರ್ಷಗಟ್ಟಲೆ ಕಾಡುತ್ತದೆ. ಕುಡಿದವನು ಬೆಳಗಾದರೆ ನೆಟ್ಟಗೆ ನಡೆದಾನು. ಇನ್ನೊಬ್ಬನಿಗೆ ಆ ಬೆಳಗು ಬರಬೇಕಾದರೆ ಯಾರಾದರೂ ಅವನ ಕೈ ಹಿಡಿದು ವೈದ್ಯರ ಬಳಿಗೆ ಕರೆದೊಯ್ಯಬೇಕು.